ಕುದುರೆಯಿಂದ ಹೊಡೆಯಬಾರದ ಕಾಲಾಳು

ಲಿಫ್ಟಪ್ಪ ಎಂಟು ವರ್ಷದವನಿದ್ದಾಗ ಮನೆಯಲ್ಲಿದ್ದ ಒಂದೇ ಒಂದು ಕೊಡೆಯನ್ನು ಬಿಚ್ಚಿ ಹಾಕಿದ್ದ. ಗುಂಡಿ ಒತ್ತಿದರೆ ಅದು ಫಟ್ಟನೆ ಅರಳುವುದು ಹೇಗೆಂದು ನೋಡಬೇಕಾಗಿತ್ತು, ಅಷ್ಟೆ. ನೋಡಿದ, ಮತ್ತೆ ಜೋಡಿಸಿಯೂ ಇಟ್ಟ. ಮರುದಿನ ಮಳೆಯಲ್ಲಿ ಕೆಲಸದಿಂದ ಬಂದ ತಾಯಿ ಬಾಗಿಲ ಹೊರಗೇ ನಿಂತು ಹತ್ತು ನಿಮಿಷ ಒದ್ದಾಡಿದಳು. ಕೊಡೆ ಅರಳುತ್ತಿತ್ತು, ಮುಚ್ಚುತ್ತಿರಲಿಲ್ಲ. ಮಳೆಗಾಲ ಮುಗಿಯುವ ತನಕ ಆ ಅರಳಿದ ಕೊಡೆ ಹೊಸ್ತಿಲಾಚೆ ಕೂತೇ ಇತ್ತು, ಒಳಗೆ ಬರಲಾಗದ ನೆಂಟನ ಹಾಗೆ. ತಾಯಿ ಚೆನ್ನಾಗಿ ಬೈದಳು. ಬೈದು ಮುಗಿದ ಮೇಲೆ, “ಹೋಗಲಿ, ಹೇಗೆ ಅರಳುತ್ತೆ ಅಂತಾದ್ರೂ ಗೊತ್ತಾಯ್ತಾ?” ಎಂದು ಕೇಳಿದಳಂತೆ. ಗೊತ್ತಾಗಿತ್ತು. ಅವನು ವಿವರಿಸಿದ್ದಕ್ಕೆ ಇನ್ನೊಂದು ಸಲ ಬೈಸಿಕೊಂಡ.

ಲಿಫ್ಟಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಅದು ಚದುರಂಗದ ಕ್ಲಬ್ಬಿನವರು ಇಟ್ಟದ್ದು. ಸಂಬಳದ ಚೀಟಿಯ ಮೇಲಿರುವ ಹೆಸರನ್ನು ಅವನ ಹೆಂಡತಿ ಕೂಡ ಮರೆತಂತಿದ್ದಾಳೆ. ಅವಳಿಗೆ ಅವನು ಬರೀ ‘ರೀ’. ಹತ್ತೊಂಬತ್ತಕ್ಕೆ ಲಿಫ್ಟ್ ರಿಪೇರಿ ಕಂಪನಿ ಸೇರಿದವನು, ಈಗ ನಲವತ್ತೊಂದು ಲಿಫ್ಟುಗಳನ್ನು ನೋಡಿಕೊಳ್ಳುತ್ತಾನೆ. ಮೈಯೆಲ್ಲ ಗ್ರೀಸು, ಸೊಂಟದಲ್ಲಿ ಟಾರ್ಚು, ಕಿವಿಯ ಹಿಂದೆ ಪೆನ್ಸಿಲ್ಲು. ಕಟ್ಟಡದ ಒಳಗೆ ಕಾಲಿಡುತ್ತಲೇ ಲಿಫ್ಟಿನ ಸದ್ದು ಕೇಳಿ ‘ಮೂರನೆಯ ಮಹಡಿಯಲ್ಲಿ ಬಾಗಿಲು ತಾಗುತ್ತಿದೆ’ ಎನ್ನಬಲ್ಲ. ಅವನ ಮೇಲಿನವರಿಗೆ ಅವನ ಬಗ್ಗೆ ಇದ್ದ ದೂರು ಒಂದೇ. ನಿಂತ ಲಿಫ್ಟನ್ನು ಓಡಿಸಿ ಬಾ ಎಂದು ಕಳಿಸಿದರೆ, ಓಡಿಸಿದ ಮೇಲೂ ಯಾಕೆ ನಿಂತಿತು ಎಂದು ಹುಡುಕುತ್ತ ಅಲ್ಲೇ ಉಳಿದುಬಿಡುತ್ತಿದ್ದ.

ಹಾಗೆ ಉಳಿದದ್ದರಿಂದಲೇ ಅವನಿಗೆ ಚದುರಂಗ ಅಂಟಿಕೊಂಡಿತು. ಆಗ ಅವನಿಗೆ ನಲವತ್ತಾರು.

ಪೇಟೆಯ ನಡುವಿನ ನಾಲ್ಕು ಮಹಡಿಯ ಹಳೆಯ ಕಟ್ಟಡ ಅದು. ಕೆಳಗೆ ಚಪ್ಪಲಿ ಅಂಗಡಿ, ಮೇಲೆ ಹಲ್ಲಿನ ಡಾಕ್ಟರು, ಅದರ ಮೇಲೆ ಯಾವುದೋ ಕಚೇರಿ. ಅಲ್ಲಿಯ ಲಿಫ್ಟ್ ವಾರವಿಡೀ ಸುಮ್ಮನೆ ಓಡುತ್ತಿತ್ತು. ಶನಿವಾರ ಸಂಜೆ ನಾಲ್ಕಾಯಿತೆಂದರೆ ಸಾಕು, ಮಹಡಿಗಳ ನಡುವೆ ಗಕ್ಕನೆ ನಿಲ್ಲುತ್ತಿತ್ತು. ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಯಾರೂ ಮುಟ್ಟದೆಯೇ ತಾನಾಗಿ ಹೊರಡುತ್ತಿತ್ತು. ಕಂಪನಿಯವರು ವೈರು ಬದಲಿಸಿದರು, ಮೋಟಾರು ಬಿಚ್ಚಿ ನೋಡಿದರು. ದೆವ್ವ ಇರಬೇಕು ಎಂದು ಚಪ್ಪಲಿ ಅಂಗಡಿಯವನು ತೀರ್ಮಾನಿಸಿಬಿಟ್ಟಿದ್ದ. ‘ಶನಿವಾರ ಮಾತ್ರ ಬರುವ ದೆವ್ವ ಯಾವುದಪ್ಪಾ’ ಎಂಬ ಹುಳ ಲಿಫ್ಟಪ್ಪನ ತಲೆಗೆ ಹೊಕ್ಕಿತು. ರಜೆಯ ದಿನ ಊಟದ ಡಬ್ಬಿ ಹಿಡಿದು ಹೋಗಿ, ನಾಲ್ಕನೆಯ ಮಹಡಿಯ ಮೆಟ್ಟಿಲ ಮೇಲೆ ಕೂತ.

ನಾಲ್ಕೂಕಾಲಿಗೆ ಎದುರಿನ ಕೋಣೆಯ ಬಾಗಿಲು ತೆರೆಯಿತು. ಎತ್ತರದ, ಬೆಳ್ಳಗಿನ ಹಿರಿಯರೊಬ್ಬರು ಹೊರಗೆ ಬಂದರು. ಕನ್ನಡಕವನ್ನು ದಾರಕ್ಕೆ ಕಟ್ಟಿ ಎದೆಯ ಮೇಲೆ ಇಳಿಬಿಟ್ಟಿದ್ದರು. ಕೈ ಬೆನ್ನಿಗೆ ಕಟ್ಟಿ ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ ತಿರುಗಿದರು. ಆಮೇಲೆ ಲಿಫ್ಟಿನ ಜಾರುಬಾಗಿಲಿಗೆ ಮೈಭಾರವನ್ನೆಲ್ಲ ಕೊಟ್ಟು ಒರಗಿ ಕಣ್ಣು ಮುಚ್ಚಿದರು.

ಕೆಳಗಿನಿಂದ ಕೂಗು ಕೇಳಿತು: “ಅಯ್ಯೋ, ಮತ್ತೆ ನಿಂತೋಯ್ತು!”

ಲಿಫ್ಟಪ್ಪನಿಗೆ ನಗು ತಡೆಯಲಾಗಲಿಲ್ಲ. ಪ್ರತಿ ಮಹಡಿಯ ಬಾಗಿಲ ಮೇಲೆ ಎರಡು ಹಿತ್ತಾಳೆಯ ತುಂಡುಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ತಾಗಿದ್ದರೆ ಬಾಗಿಲು ಮುಚ್ಚಿದೆ ಎಂದು ಅರ್ಥ, ಲಿಫ್ಟ್ ಓಡುತ್ತದೆ. ಕೂದಲೆಳೆಯಷ್ಟು ಬಿಟ್ಟುಕೊಂಡರೂ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ.

“ಯಜಮಾನ್ರೇ, ಸ್ವಲ್ಪ ಈ ಕಡೆ ಬರ್ತೀರಾ?” ಎಂದ.

“ಯಾಕಪ್ಪಾ?”

“ನೀವು ಒರಗಿದ್ರೆ ಲಿಫ್ಟ್ ನಿಲ್ಲುತ್ತೆ.”

ಹಿರಿಯರು ಬೆನ್ನು ಎತ್ತಿದರು. ಒಳಗೆಲ್ಲೋ ಗರ್‍ರ್ ಎಂದು ಲಿಫ್ಟ್ ಹೊರಟಿತು. ಪರೀಕ್ಷೆಗೆಂದು ಮತ್ತೆ ಒರಗಿದರು. ನಿಂತಿತು. ಕೆಳಗಿನಿಂದ ಇನ್ನೊಂದು ಕೂಗು.

“ನಾಲ್ಕು ವರ್ಷದಿಂದ ಒರಗ್ತಿದೀನಲ್ಲಯ್ಯಾ!”

“ಅದು ನಾಲ್ಕು ವರ್ಷದಿಂದಲೇ ನಿಲ್ತಾ ಇದೆ.”

ಆ ಹಿರಿಯರು ಔಷಧದಂಗಡಿ ನಡೆಸಿ, ವಯಸ್ಸಾದ ಮೇಲೆ ಅದನ್ನು ತಮ್ಮನಿಗೆ ಬಿಟ್ಟುಕೊಟ್ಟವರು. ಆ ಕೋಣೆ ಚದುರಂಗದ ಕ್ಲಬ್ಬು, ಕಟ್ಟಿದವರು ಅವರೇ. ಎಲ್ಲರೂ ಅವರನ್ನು ಯಜಮಾನರು ಎನ್ನುತ್ತಿದ್ದರು. ಲಿಫ್ಟಪ್ಪ ಸ್ಕ್ರೂ ಡ್ರೈವರಿನಿಂದ ಹಿತ್ತಾಳೆಯ ತುಂಡನ್ನು ಬಿಗಿ ಮಾಡಿದ. ಆದರೆ ಅಷ್ಟಕ್ಕೆ ಹೊರಟುಹೋಗುವ ಜನ್ಮ ಅವನದಲ್ಲವಲ್ಲ.

“ಅಷ್ಟು ಹೊತ್ತು ಕಣ್ಣು ಮುಚ್ಚಿ ಏನು ಯೋಚನೆ ಮಾಡ್ತೀರಿ?” ಎಂದು ಕೇಳಿದ.

“ನೋಡ್ತೀಯಾ, ಬಾ,” ಎಂದರು ಯಜಮಾನರು.

ಉದ್ದನೆಯ ಕೋಣೆ, ಆರು ಮೇಜು, ಹದಿನಾಲ್ಕು ಜನ. ಯಾರೂ ತಲೆಯೆತ್ತಲಿಲ್ಲ. ಯಜಮಾನರು ಪಕ್ಕದ ಖಾಲಿ ಹಾಸಿನ ಮೇಲೆ ಕಾಯಿಗಳನ್ನಿಟ್ಟು, ಆನೆ ನೇರ ಹೋಗುತ್ತೆ, ಒಂಟೆ ಓರೆ ಹೋಗುತ್ತೆ, ಕುದುರೆ ಎರಡೂವರೆ ಮನೆ ಹಾರುತ್ತೆ ಎಂದು ತೋರಿಸಿದರು. ಅವನು ಮನೆಗೆ ಹೊರಟಾಗ ಊಟದ ಡಬ್ಬಿಯನ್ನು ಮರೆತಿದ್ದ. ಮುಂದಿನ ಶನಿವಾರ ಅದನ್ನು ತರುವ ನೆವದಲ್ಲಿ ಬಂದ. ಅದರ ಮುಂದಿನ ಶನಿವಾರ ನೆವ ಬೇಕಾಗಲಿಲ್ಲ.

ಕ್ಲಬ್ಬಿನಲ್ಲಿ ಎಲ್ಲರೂ ಮೊದಲ ಆರೇಳು ನಡೆಗಳನ್ನು ಮಗ್ಗಿಯಂತೆ ಉರು ಹೊಡೆದಿದ್ದರು. ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಟಕಟಕ ಆಡಿ ಮುಗಿಸಿ, ಆಮೇಲೆ ಯೋಚಿಸಲು ಶುರು ಮಾಡುತ್ತಿದ್ದರು. ಲಿಫ್ಟಪ್ಪ ಮೊದಲ ನಡೆಗೇ ಯೋಚಿಸುತ್ತಿದ್ದ. “ಈ ಕಾಲಾಳನ್ನ ಮೊದಲು ಯಾಕೆ?” “ನಡುವಿನ ಜಾಗ ಹಿಡಿಯೋಕೆ.” “ನಡುವೇ ಯಾಕೆ?” ಹೀಗೆ ಕೇಳಿ ಕೇಳಿ ಯಜಮಾನರ ಗಂಟಲು ಆರಿಸುತ್ತಿದ್ದ. ಅರ್ಥವಾಗದ ನಡೆಯನ್ನು ಅವನ ಕೈ ಆಡುತ್ತಲೇ ಇರಲಿಲ್ಲ. ಎಷ್ಟೋ ಆಟಗಳಲ್ಲಿ ಅವನ ರಾಜ ಕ್ಷೇಮವಾಗಿ ಕೂತಿರುತ್ತಿದ್ದ, ಗಡಿಯಾರದಲ್ಲಿ ಸಮಯ ಮಾತ್ರ ಮುಗಿದಿರುತ್ತಿತ್ತು. ಮೊದಲ ಮೂರು ನಡೆಗಳನ್ನು ಒಪ್ಪಿಕೊಳ್ಳಲು ಅವನಿಗೆ ಒಂದು ವರ್ಷ ಹಿಡಿಯಿತು. ಐದನೆಯದಕ್ಕೆ ಬಂದಾಗ ಬಂಡಿ ಪೂರ್ತಿ ಹೂತುಕೊಂಡಿತು.

ಆ ಐದನೆಯ ನಡೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಳಿ ಕಾಯಿಯವರು ಕುದುರೆ ಮತ್ತು ಒಂಟೆ ಎರಡನ್ನೂ ತಂದು, ಕರಿ ರಾಜನ ಪಕ್ಕದ ಬಡಪಾಯಿ ಕಾಲಾಳಿಗೆ ಗುರಿಯಿಡುತ್ತಾರೆ. ಕರಿಯವರು ನಡುವಿನ ಕಾಲಾಳೊಂದನ್ನು ನೂಕಿ ಒಂಟೆಯ ದಾರಿ ಅಡ್ಡಗಟ್ಟುತ್ತಾರೆ. ಬಿಳಿಯ ಕಾಲಾಳು ಅದನ್ನು ಹೊಡೆದು ಅಲ್ಲಿ ನಿಲ್ಲುತ್ತದೆ. ಈಗ ಕರಿಯವರು ಯಾರೇ ಆದರೂ ತಮ್ಮ ಕುದುರೆಯಿಂದ ಅದನ್ನು ತಿರುಗಿ ಹೊಡೆಯಬೇಕಲ್ಲವೇ?

“ಹೊಡೀಬೇಡ,” ಎಂದರು ಯಜಮಾನರು.

“ಯಾಕೆ?”

“ಹೊಡೆದ್ರೆ ಅವರು ಕುದುರೇನ ಬಲಿ ಕೊಟ್ಟು ನಿನ್ನ ರಾಜನ್ನ ಹೊರಗೆ ಎಳೀತಾರೆ. ರಾಣಿ ಬಂದು ಚೆಕ್ ಕೊಡ್ತಾಳೆ. ನಿನ್ನ ರಾಜ ನಡುಬೀದೀಲಿ ನಿಲ್ತಾನೆ. ಕಥೆ ಮುಗೀತು.”

“ಹಾಗೆ ಯಾರ ಕಥೆ ಮುಗೀತು?”

“ಎಲ್ಲರದೂ.”

“ನಿಮ್ಮದು?”

“ನಾನು ಯಾವತ್ತೂ ಹೊಡೆದಿಲ್ಲಯ್ಯಾ! ಹೊಡೀಬಾರದು ಅಂತ ಗೊತ್ತಿದ್ದ ಮೇಲೆ ಯಾಕೆ ಹೊಡೀಲಿ?”

ಲಿಫ್ಟಪ್ಪ ಮೇಜಿನಿಂದ ಮೇಜಿಗೆ ಹೋಗಿ ಹದಿನಾಲ್ಕೂ ಜನರನ್ನು ಕೇಳಿದ. ಹೊಡೆಯಬಾರದೆಂದು ಎಲ್ಲರಿಗೂ ಗೊತ್ತಿತ್ತು. ಹೊಡೆದು ಸೋತವನು ಒಬ್ಬನೂ ಇರಲಿಲ್ಲ. ಒಬ್ಬನ ಅಣ್ಣ ಯಾವಾಗಲೋ ಸೋತಿದ್ದನಂತೆ. ಸರಿಯಾಗಿ ಕೇಳಿದರೆ ಅದೂ ಅಣ್ಣನ ಸ್ನೇಹಿತ.

ಅಲ್ಲಿಂದ ಎಂಟು ತಿಂಗಳು ಅವನು ಅದರ ಬೆನ್ನು ಬಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಯಾವುದಾದರೂ ಕಟ್ಟಡದ ನೆತ್ತಿಯ ಮೆಷಿನ್ ರೂಮಿನಲ್ಲಿ ಕೂತು, ಅಯಸ್ಕಾಂತದ ಪುಟ್ಟ ಹಾಸನ್ನು ಮೊಣಕಾಲ ಮೇಲಿಟ್ಟುಕೊಂಡು, ಸರ್ವಿಸ್ ಚೀಟಿಗಳ ಹಿಂದೆ ನಡೆಗಳನ್ನು ಬರೆಯುತ್ತಿದ್ದ. ಪಕ್ಕದಲ್ಲಿ ದಪ್ಪ ತಂತಿಹಗ್ಗಗಳು ಸುಯ್ಯೆಂದು ಓಡುತ್ತಿದ್ದವು. ಮೊದಮೊದಲು ರಾಜ ಎಲ್ಲ ಕಡೆಯೂ ಸತ್ತ. ಬರೆದುಕೊಂಡ. ಹಾಗೆ ಸಾಯುವುದನ್ನು ನೋಡುತ್ತ ನೋಡುತ್ತ ಒಂದು ಸಂಗತಿ ಹೊಳೆಯಿತು. ರಾಜ ನಡುಬೀದಿಗೆ ಬರುವುದು ದಿಕ್ಕೆಟ್ಟು ಅಲ್ಲ, ನಡುವೆ ಸಿಕ್ಕಿಬಿದ್ದ ತನ್ನ ಕುದುರೆಯನ್ನು ಹಿಡಿದುಕೊಳ್ಳಲು. ಹಾಗಾದರೆ ಎಣಿಸಬೇಕಾದ್ದು ಇಷ್ಟೇ: ಆ ಕುದುರೆಯನ್ನು ಎಳೆಯುವವರು ಎಷ್ಟು ಜನ, ಹಿಡಿದವರು ಎಷ್ಟು ಜನ? ಎಳೆಯುವವರು ಬಿಳಿಯ ಒಂಟೆ, ರಾಣಿ, ಇನ್ನೊಂದು ಕುದುರೆ, ಒಟ್ಟು ಮೂವರು. ಹಿಡಿದವರು ತನ್ನ ರಾಜ, ರಾಣಿ. ತನ್ನ ಎರಡನೆಯ ಕುದುರೆಯನ್ನು ಪಕ್ಕಕ್ಕೆ ಹಾರಿಸಿದರೆ ಮೂವರಾಗುತ್ತಾರೆ. ಹಿಂದಿನಿಂದ ಒಂದು ಕಾಲಾಳು ಬಂದರೆ ನಾಲ್ಕು.

ಆ ಸಂಜೆ ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಆಸ್ಪತ್ರೆಯ ಬಟ್ಟೆ ಕೋಣೆಯ ಮೇಲ್ವಿಚಾರಕಿ. ದಿನಕ್ಕೆ ಆರುನೂರು ಹಾಸಿಗೆ ಹೊದಿಕೆಗಳನ್ನು ಮಡಚಿಸಿ, ಲೆಕ್ಕ ಹಿಡಿದು ವಾರ್ಡುಗಳಿಗೆ ಕಳಿಸುವವಳು. ಚದುರಂಗದ ಗಂಧಗಾಳಿ ಇಲ್ಲ.

“ಅಂದ್ರೆ ನಿಮ್ಮ ರಾಜ ಸಾಯಲ್ಲ?”

“ಸಾಯಲ್ಲ ಅನ್ಸುತ್ತೆ.”

“ಅನ್ಸುತ್ತೆ ಅಂದ್ರೆ? ಎಂಟು ತಿಂಗಳಿಂದ ಚೀಟಿ ತುಂಬಾ ಗೀಚ್ತಾ ಇದೀರಿ, ನಿಮ್ಮ ಅಂಗಿ ಜೇಬು ಒಗೆದ್ರೆ ಕಾಗದದ ಮುದ್ದೆ ಸಿಗುತ್ತೆ. ಆಡಿ ನೋಡ್ಬಾರ್ದಾ?”

ಆಡಿ ನೋಡಲು ಎದುರಿಗೆ ಆ ಕುದುರೆಯನ್ನು ಬಲಿ ಕೊಡುವವರು ಬೇಕಲ್ಲ. ಕ್ಲಬ್ಬಿನಲ್ಲಿ ಯಾರೂ ಆ ದಾರಿ ಹಿಡಿಯುತ್ತಿರಲಿಲ್ಲ. ಅಂಥವರು ಸಿಕ್ಕಿದ್ದು ವರ್ಷದ ಕೊನೆಯ ಪಂದ್ಯದಲ್ಲಿ.

ಅದು ಎರಡು ಕ್ಲಬ್ಬುಗಳ ನಡುವಿನ ಪಂದ್ಯ. ಐದು ಮೇಜು, ಐದು ಆಟ, ಗೆದ್ದರೆ ಒಂದು ಅಂಕ, ಸಮವಾದರೆ ಅರ್ಧ. ಇವರ ಕ್ಲಬ್ಬು ಮೊದಲ ದರ್ಜೆಯ ತುದಿಯಲ್ಲಿ ತೂಗಾಡುತ್ತಿತ್ತು. ಎರಡೂವರೆ ಅಂಕ ಬಂದರೆ ಅಲ್ಲೇ ಉಳಿಯುವುದು, ಬಾರದಿದ್ದರೆ ಎರಡನೆಯ ದರ್ಜೆಗೆ ಜಾರುವುದು. ಐದನೆಯ ಮೇಜಿನವನಿಗೆ ಜ್ವರ ಬಂದು, ಯಜಮಾನರು ಬೇರೆ ದಾರಿ ಕಾಣದೆ ಲಿಫ್ಟಪ್ಪನನ್ನು ಕರೆದರು. ವ್ಯಾನಿನಲ್ಲಿ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು: “ಇವತ್ತು ‘ಯಾಕೆ’ ಬೇಡ. ಸುಮ್ಮನೆ ಆಡು.”

ಎದುರಾಳಿಗಳ ಕ್ಲಬ್ಬು ಇದ್ದದ್ದು ಈಜುಕೊಳದ ಹಿಂದಿನ ಸಭಾಂಗಣದಲ್ಲಿ. ಕ್ಲೋರಿನ್ನಿನ ವಾಸನೆ ಮೂಗಿಗೆ ಅಡರುತ್ತಿತ್ತು. ಗೋಡೆಯಾಚೆ ನೀರಿಗೆ ಧುಮುಕುವ ಸದ್ದು, ತರಬೇತಿಯವನ ಸೀಟಿ. ಲಿಫ್ಟಪ್ಪನ ಎದುರು ಕೂತವಳು ಡ್ರೈವಿಂಗ್ ಶಾಲೆ ನಡೆಸುವ ಗಟ್ಟಿಮುಟ್ಟಾದ ಹೆಂಗಸು. ಕಲಿಯುವವರ ಪಕ್ಕದಲ್ಲಿ ಕೂತು ತನ್ನ ಕಾಲ ಬಳಿಯ ಎರಡನೆಯ ಬ್ರೇಕನ್ನು ತುಳಿದೇ ಆಕೆಯ ಅರ್ಧ ಆಯುಷ್ಯ ಕಳೆದಿತ್ತು. ಅವಳ ಕ್ಲಬ್ಬಿನವರು ಮುಖಕ್ಕೆ ಮುಖ ಕೊಟ್ಟೇ ಬ್ರೇಕಮ್ಮ ಎನ್ನುತ್ತಿದ್ದರು. ಹೆಸರಿಗಷ್ಟೇ ಬ್ರೇಕು, ಆಡುವುದು ಮಾತ್ರ ಗಾಳಿಯ ಹಾಗೆ. ಒಂದು, ಎರಡು, ಮೂರು, ಆಕೆಯ ಬಿಳಿ ಕುದುರೆ ಹಾರಿ ಬಂದು ರಾಜನ ಪಕ್ಕದ ಕಾಲಾಳಿಗೆ ಗುರಿಯಿಟ್ಟಿತು. ಲಿಫ್ಟಪ್ಪ ಕುರ್ಚಿಯನ್ನು ಮೇಜಿಗೆ ಎಳೆದುಕೊಂಡ. ಇದೇ, ಇದೇ ದಾರಿ. ನಡುವಿನ ಕಾಲಾಳು ನೂಕಿದ. ಅವಳು ಹೊಡೆದಳು. ಅವನು ಕುದುರೆಯನ್ನೆತ್ತಿ ಅದನ್ನು ಹೊಡೆದ.

ಬ್ರೇಕಮ್ಮನ ಕೈ ಗಾಳಿಯಲ್ಲೇ ನಿಂತಿತು. ಕಣ್ಣೆತ್ತಿ ಅವನ ಮುಖ ನೋಡಿದಳು.

“ನಿಜವಾಗ್ಲೂ?”

“ಹೂಂ ಮೇಡಂ.”

ಬೆನ್ನ ಹಿಂದೆ ಯಜಮಾನರು ಕೆಮ್ಮಿದ್ದು ಅವನಿಗೆ ಕೇಳಿಸಿತು. ನೆಗಡಿಯ ಕೆಮ್ಮಲ್ಲ ಅದು.

ಕುದುರೆ ಬಲಿಯಾಯಿತು. ರಾಜ ಹೊರಗೆ ಬಂದ. ರಾಣಿ ಚೆಕ್ ಕೊಟ್ಟಳು. ಕರಿ ರಾಜ ನಡುಬೀದಿಗೆ ಬಂದು ತನ್ನ ಕುದುರೆಯ ಪಕ್ಕ ನಿಂತ. ಅಕ್ಕಪಕ್ಕದ ಮೇಜಿನವರು ಎದ್ದು ಬಂದು ನೋಡಿ, ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿ ಬಂದವರ ಮುಖ ಮಾಡಿಕೊಂಡು ಹೋದರು. ಎಂಟನೆಯ ನಡೆಯಲ್ಲಿ ಬ್ರೇಕಮ್ಮ ಇನ್ನೊಂದು ಕುದುರೆ ತಂದಳು. ಲಿಫ್ಟಪ್ಪ ತನ್ನ ಎರಡನೆಯ ಕುದುರೆಯನ್ನು ಪಕ್ಕಕ್ಕೆ ಹಾರಿಸಿ, ಕೈ ಕಟ್ಟಿ ಕೂತ. ಎಳೆಯುವವರು ಮೂವರು, ಹಿಡಿದವರು ಮೂವರು.

ಆಗ ಆಕೆಯ ಓಟ ನಿಂತಿತು. ಐದು ನಿಮಿಷವಾಯಿತು, ಹತ್ತಾಯಿತು. ಮೇಜಿನ ಕೆಳಗೆ ಆಕೆಯ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿರುವುದು ಅವನಿಗೆ ಕಂಡಿತು. ಇಪ್ಪತ್ತೈದು ನಿಮಿಷದ ಮೇಲೆ ರಾಣಿಯನ್ನು ಅವನ ರಾಜನ ಎದುರಿಗೇ ತಂದು ನಿಲ್ಲಿಸಿದಳು. ಅವನು ಹಿಂದಿನ ಕಾಲಾಳನ್ನು ಒಂದು ಮನೆ ಮುಂದಿಟ್ಟ. ನಾಲ್ವರಾದರು. ಪಕ್ಕಕ್ಕೆ ಹಾರಿದ್ದ ಅವನ ಕುದುರೆಯನ್ನು ಅವಳು ಕಾಲಾಳಿನಿಂದ ಗದರಿಸಿ ಓಡಿಸಿದಳು. ಅದು ಮೂಲೆಗೆ ಹೋಗಿ, ಸುತ್ತಿ ಬಳಸಿ ಬಂದು ಹಿಂದೆ ನಿಂತು ನಡುವಿನ ಕುದುರೆಯನ್ನು ಮತ್ತೆ ಹಿಡಿದುಕೊಂಡಿತು. ಹನ್ನೆರಡನೆಯ ನಡೆಯಲ್ಲಿ ಕರಿ ರಾಜ ಒಂದು ಮನೆ ಹಿಂದೆ ಸರಿದ. ಐದು ನಡೆ ಬಯಲಲ್ಲಿ ನಿಂತಿದ್ದವನು ಬದುಕಿ ಒಳಗೆ ಬಂದಿದ್ದ. ಲಿಫ್ಟಪ್ಪನ ಕೈಯಲ್ಲಿ ಒಂದು ಕುದುರೆ ಹೆಚ್ಚಿಗೆ ಇತ್ತು, ಆಕೆಯ ಕಡೆ ಎರಡು ಕಾಲಾಳು ಹೆಚ್ಚಿಗೆ.

ಈ ಸಲ ಯಜಮಾನರು ಬಂದು ನೋಡಿದಾಗ ಕೆಮ್ಮಲಿಲ್ಲ. ದಾರದ ಕನ್ನಡಕವನ್ನು ಮೂಗಿಗೇರಿಸಿ ಬಗ್ಗಿ ನೋಡಿದರು.

ನಲವತ್ತನೆಯ ನಡೆಯ ಹೊತ್ತಿಗೆ ಬೇರೆ ನಾಲ್ಕು ಆಟಗಳೂ ಮುಗಿದಿದ್ದವು. ಎರಡು ಇವರು ಗೆದ್ದಿದ್ದರು, ಎರಡು ಅವರು. ಎಲ್ಲರೂ ಇದೇ ಮೇಜಿನ ಸುತ್ತ ನಿಂತರು. ಹಾಸಿನ ಮೇಲೆ ಹೆಚ್ಚೇನೂ ಉಳಿದಿರಲಿಲ್ಲ. ಲಿಫ್ಟಪ್ಪನಿಗೆ ರಾಜ, ಆನೆ, ಕುದುರೆ, ಒಂದು ಕಾಲಾಳು. ಆಕೆಗೆ ರಾಜ, ಆನೆ, ಮುಂದೆ ನುಗ್ಗಿಬಂದ ಎರಡು ಕಾಲಾಳು. ಅವನ ಗಡಿಯಾರದಲ್ಲಿ ಆರು ನಿಮಿಷ, ಆಕೆಗೆ ಹನ್ನೊಂದು.

ಬ್ರೇಕಮ್ಮ ನೀರು ಕುಡಿದು ಬಾಟಲಿ ಕೆಳಗಿಟ್ಟಳು. “ಡ್ರಾ?” ಎಂದು ಕೈ ಮುಂದೆ ಮಾಡಿದಳು.

ಒಪ್ಪಿದರೆ ಅರ್ಧ ಅಂಕ. ಕ್ಲಬ್ಬು ಮೊದಲ ದರ್ಜೆಯಲ್ಲೇ ಉಳಿಯುತ್ತಿತ್ತು. ಯಜಮಾನರು ಬಾಯಿ ಬಿಡಲಿಲ್ಲ, ಆದರೆ ಅವರ ಕಣ್ಣು, ಹುಬ್ಬು, ಗಲ್ಲ ಎಲ್ಲವೂ ‘ಕೈ ಕೊಡು, ಕೈ ಕೊಡು’ ಎನ್ನುತ್ತಿದ್ದವು. ಲಿಫ್ಟಪ್ಪನಿಗೆ ಅದು ಕಾಣಲಿಲ್ಲ ಎಂದರೆ ಸುಳ್ಳಾದೀತು. ಕಂಡಿತು. ಆದರೆ ಅದೇ ಹೊತ್ತಿಗೆ ಇನ್ನೊಂದೂ ಕಂಡಿತ್ತು. ತನ್ನ ಆನೆಯನ್ನು ಕೊಟ್ಟು ಆಕೆಯ ಎರಡೂ ಕಾಲಾಳುಗಳನ್ನು ಕಿತ್ತುಹಾಕಬಹುದು. ಆಮೇಲೆ ತನ್ನ ಒಂಟಿ ಕಾಲಾಳು ಕುದುರೆಯ ಕಾವಲಿನಲ್ಲಿ ಓಡಿದರೆ, ಆಕೆಯ ಆನೆ ಅದನ್ನು ಹಿಡಿದೀತೇ? ಹಿಡಿಯಬಹುದು. ಹಿಡಿಯಲಾರದೆ ಇರಬಹುದು. ಮನೆಗೆ ಹೋಗಿ ಚೀಟಿಯ ಮೇಲೆ ನೋಡಬಹುದಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಆದರೆ ಚೀಟಿಯ ಮೇಲೆ ಎರಡೂ ಕಡೆ ಆಡುವವನು ತಾನೇ. ಇಲ್ಲಿ ಎದುರಿಗೆ ಕೂತವಳಿಗೆ ಜೀವವಿದೆ, ಜೋರಿದೆ, ಸೋಲಲು ಮನಸ್ಸಿಲ್ಲ.

“ಕ್ಷಮಿಸಿ ಮೇಡಂ,” ಎಂದ. “ಆಡೋಣ.”

ಅವನು ಆನೆಯನ್ನು ಕೊಟ್ಟ. ಕಾಲಾಳುಗಳು ಹೋದವು. ಅವನ ಕಾಲಾಳು ಓಡಿತು. ಒಂದು ಮನೆ, ಎರಡು ಮನೆ. ಆಕೆ ಆನೆಯಿಂದ ಅಟ್ಟಿಸಿಕೊಂಡು ಬಂದಳು. ಕುದುರೆ ಅಡ್ಡ ನಿಂತಿತು. ಆಕೆಗೆ ನಾಲ್ಕು ನಿಮಿಷ ಉಳಿದಿತ್ತು, ಅದರಲ್ಲಿ ಮೂರನ್ನು ಒಂದೇ ನಡೆಗೆ ಸುರಿದಳು. ಆನೆ ಅಲುಗಲಿಲ್ಲ. ಅಷ್ಟು ಹೊತ್ತು ಮೂಲೆಯಲ್ಲಿ ಸುಮ್ಮನಿದ್ದ ರಾಜನನ್ನು ಎತ್ತಿ ಒಂದೇ ಒಂದು ಮನೆ ಓರೆಗೆ ಇಟ್ಟಳು. ಲಿಫ್ಟಪ್ಪ ನೋಡಿದ. ಮತ್ತೆ ನೋಡಿದ. ಕಾಲಾಳು ಕೊನೆಯ ಸಾಲಿಗೆ ಒಂದೇ ಮನೆ ಬಾಕಿಯಿರುವಾಗ ನಿಂತುಹೋಯಿತು, ಕುದುರೆ ಸಿಕ್ಕಿಬಿತ್ತು. ಇನ್ನೂ ನಾಲ್ಕು ನಡೆ ಆಡಿ, ಸೋಲೊಪ್ಪಿ ತನ್ನ ರಾಜನನ್ನು ಮಲಗಿಸಿದ.

ಗೋಡೆಯಾಚೆ ಸೀಟಿ ಊದಿದರು. ಯಜಮಾನರು ಕೋಟು ಹಾಕಿಕೊಂಡರು. “ಕಾಯಿಗಳನ್ನ ಸರಿಯಾಗಿ ಡಬ್ಬಿಗೆ ಹಾಕು,” ಎಂದರು. ಅಷ್ಟೇ ಮಾತು. ವ್ಯಾನಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿತು, ಆಮೇಲೆ ವ್ಯಾನು ಹೊರಟ ಸದ್ದು.

ಲಿಫ್ಟಪ್ಪನಿಗೆ ನಾಚಿಕೆಯಾಯಿತು. ಕಾಯಿಗಳನ್ನು ಡಬ್ಬಿಗೆ ಹಾಕತೊಡಗಿದ. ಬ್ರೇಕಮ್ಮ ಅವನ ಕೈಯಿಂದ ಕುದುರೆಯನ್ನು ತೆಗೆದುಕೊಂಡಳು.

“ಇರಿ ಇರಿ, ಎಲ್ಲಿಗೆ ಹೊರಟ್ರಿ? ಎಂಟನೇ ನಡೆ ಹೇಗಿತ್ತು, ಇನ್ನೊಂದ್ಸಲ ಇಡಿ.”

“ನಿಮಗೆ ಗೊತ್ತಿರುತ್ತಲ್ಲ ಮೇಡಂ.”

“ಇಪ್ಪತ್ತೆರಡು ವರ್ಷದಿಂದ ಇದೇ ಆಟ ಆಡ್ತಿದೀನಿ. ಒಬ್ಬರೂ ಆ ಕಾಲಾಳನ್ನ ಕುದುರೆಯಿಂದ ಹೊಡೀಲಿಲ್ಲ. ಹೊಡೆದ್ರೆ ನಾನು ಗೆಲ್ತೀನಿ ಅಂತ ನನಗೂ ಯಾರೋ ಹೇಳಿದ್ದು. ಹೇಗೆ ಗೆಲ್ಲೋದು ಅಂತ ಯಾರೂ ಹೇಳಿರಲಿಲ್ಲ ನೋಡಿ! ಎಂಟು ಆದ ಮೇಲೆ ನನ್ನ ತಲೆ ಖಾಲಿ.”

ಇಬ್ಬರೂ ಈಜುಕೊಳದ ಕಾವಲುಗಾರ ಬಂದು ಬೀಗದ ಕೈ ಅಲ್ಲಾಡಿಸುವ ತನಕ ಕೂತರು. ಅವನು ಬಸ್ಸು ಹಿಡಿದು ಮನೆಗೆ ಬಂದ.

“ಒಂದ್ಸಲ ತಲೆಯಾಡಿಸಿದ್ರೆ ನಿಮ್ಮದೇನು ಹೋಗ್ತಿತ್ತು?” ಎಂದು ಕೇಳಿದಳು ಹೆಂಡತಿ, ಎಲ್ಲ ಕೇಳಿದ ಮೇಲೆ. “ಅಷ್ಟು ಜನ ಕಾದು ನಿಂತಿದ್ರಲ್ಲ.”

ಅವನು ಅಂಗಿ ಬಿಚ್ಚಿ, ಜೇಬಿನ ಚೀಟಿಗಳನ್ನು ತೆಗೆದಿಟ್ಟ. ಮುಂದಿನ ಶನಿವಾರ ಕ್ಲಬ್ಬಿಗೆ ಹೋದ. ಯಜಮಾನರು ಎಲ್ಲರಿಗೂ ಜೋಡಿ ಹೇಳಿ, ಅವನ ಹೆಸರು ಬಂದಾಗ ಪಟ್ಟಿಯನ್ನು ಮಡಚಿ ಜೇಬಿಗಿಟ್ಟರು. ಗಂಟೆ ಹೊತ್ತು ಬೇರೆಯವರ ಆಟ ನೋಡಿ ಎದ್ದುಬಂದ. ಆಮೇಲೆ ಎರಡು ಶನಿವಾರ ಹೋಗಲಿಲ್ಲ. ಹಾಸು ಚೀಲದಲ್ಲೇ ಉಳಿಯಿತು. ಊಟದ ಹೊತ್ತಿನಲ್ಲಿ ಊಟವನ್ನಷ್ಟೇ ಮಾಡುತ್ತಿದ್ದ. ಅದು ಅವನಿಗೆ ಸಪ್ಪೆ ಎನಿಸುತ್ತಿತ್ತು.

ನಾಲ್ಕನೆಯ ವಾರ, ಬುಧವಾರವೋ ಗುರುವಾರವೋ, ಏಳು ಮಹಡಿಯ ಕಟ್ಟಡವೊಂದರ ಮೆಷಿನ್ ರೂಮಿನಲ್ಲಿ ಅವನು ಬ್ರೇಕಿನ ಪಟ್ಟಿ ಬದಲಿಸುತ್ತಿದ್ದ. ಲಿಫ್ಟ್ ಬಂದ್ ಮಾಡಿ ಕೆಳಗೆ ಬೋರ್ಡು ತೂಗುಹಾಕಿದ್ದ. ಮೆಟ್ಟಿಲ ಮೇಲೆ ಯಾರೋ ಏದುಸಿರು ಬಿಡುವುದು ಕೇಳಿಸಿತು. ಬಗ್ಗಿ ನೋಡಿದರೆ ಯಜಮಾನರು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕಾಗದ.

“ಏಳು ಮಹಡಿ!” ಎಂದರು. “ನಿನ್ನ ಆಫೀಸಲ್ಲಿ ಕೇಳಿ ಬಂದೆ. ಲಿಫ್ಟ್ ರಿಪೇರಿ ಮಾಡೋನನ್ನ ನೋಡೋಕೆ ಮೆಟ್ಟಿಲು ಹತ್ತಬೇಕಾಯ್ತಲ್ಲಯ್ಯಾ.”

ಅವನು ತಲೆಕೆಳಗು ಮಾಡಿದ ಗ್ರೀಸ್ ಡಬ್ಬವೊಂದರ ಮೇಲೆ ಬಟ್ಟೆ ಹಾಸಿ ಕೂರಿಸಿದ. ನೀರು ಕೊಟ್ಟ. ಯಜಮಾನರು ಉಸಿರು ತಿರುಗಿದ ಮೇಲೆ ಕಾಗದ ಬಿಚ್ಚಿದರು. ಮಾತ್ರೆ ಪೊಟ್ಟಣಗಳ ಮೇಲೆ ಬರೆಯುತ್ತಿದ್ದ ಅದೇ ಇರುವೆಯಂಥ ಅಕ್ಷರದಲ್ಲಿ ಎರಡೂ ಮಗ್ಗುಲು ತುಂಬಿಹೋಗಿತ್ತು.

“ನಿನ್ನ ಮೇಲೆ ನನಗೆ ಸಿಟ್ಟಿದೆ. ಅದು ಬೇರೆ,” ಎಂದರು. “ಆನೆ ಕೊಟ್ಟಿದ್ದು ಸರಿ. ಆದ್ರೆ ಒಂದು ನಡೆ ಮುಂಚೆ ಕೊಟ್ಟೆ. ಮೊದಲು ಕಾಲಾಳನ್ನ ಒಂದು ಮನೆ ನೂಕಿ, ಆಮೇಲೆ ಕೊಟ್ಟಿದ್ರೆ ಗೆಲ್ತಿದ್ದೆ. ಎಲ್ಲಿ, ನಿನ್ನ ಹಾಸು ತೆಗಿ.”

ಲಿಫ್ಟಪ್ಪ ಕೈ ಒರೆಸಿಕೊಂಡು ಚೀಲದಿಂದ ಹಾಸು ತೆಗೆದ. ಯಜಮಾನರು ತೋರಿಸಿದರು. ಕಾಲಾಳ ನೂಕು, ಆನೆಯ ಬಲಿ, ಓಟ. ಹೌದು, ಗೆಲುವು. ಲಿಫ್ಟಪ್ಪ ಕೆನ್ನೆ ಕೆರೆದುಕೊಂಡ. ಕೆನ್ನೆಯ ಮೇಲೆ ಗ್ರೀಸಿನ ಗೆರೆ ಮೂಡಿತು.

“ಆದ್ರೆ ಅವರು ಆನೇನ ಹಿಂದಿನಿಂದ ತರದೆ ಪಕ್ಕದಿಂದ ಚೆಕ್ ಕೊಟ್ರೆ?”

“ಪಕ್ಕದಿಂದ ಯಾಕೆ ಕೊಡ್ತಾಳೆ?” ಎಂದರು ಯಜಮಾನರು. ಆಮೇಲೆ ಹಾಸಿನ ಮೇಲೆ ಬಗ್ಗಿದರು. ಕನ್ನಡಕ ಏರಿಸಿದರು. ಕೆಳಗೆ ಯಾರೋ ಲಿಫ್ಟ್ ಯಾವಾಗ ಸರಿಹೋಗುತ್ತೆ ಎಂದು ಕೂಗಿ ಕೇಳುತ್ತಿದ್ದರು. “ಅವಳ ಫೋನ್ ನಂಬರ್ ಇದೆಯಾ ನಿನ್ನ ಹತ್ರ?” ಎಂದರು ಯಜಮಾನರು.

ಇತ್ತು. ಬ್ರೇಕಮ್ಮ ಭಾನುವಾರ ಬೆಳಿಗ್ಗೆ ಡ್ರೈವಿಂಗ್ ಶಾಲೆಗೇ ಬನ್ನಿ ಎಂದಳು. ಒಂದೇ ಕೋಣೆ, ಗೋಡೆಯ ತುಂಬ ತಿರುವು, ತಡೆ, ನಿಷೇಧದ ಚಿತ್ರಗಳು. ನಡುವೆ ದೊಡ್ಡ ಮೇಜು, ಅದರ ಮೇಲೆ ನಾಲ್ಕು ರಸ್ತೆ ಕೂಡುವ ಜಾಗವನ್ನು ಬಣ್ಣದಲ್ಲಿ ಬರೆದು, ಆಟಿಕೆ ಕಾರುಗಳನ್ನು ನಿಲ್ಲಿಸಿದ್ದಳು. ಆ ಕಾರುಗಳನ್ನು ಒಂದು ಕಡೆ ಗುಡಿಸಿ ಚದುರಂಗದ ಹಾಸು ಇಟ್ಟರು. ಲಿಫ್ಟಪ್ಪನ ಹೆಂಡತಿಯೂ ಬಂದಿದ್ದಳು. ಗಂಡನನ್ನು ಇಷ್ಟು ಕೆಡಿಸಿದ ಹೆಂಗಸು ಯಾರು ನೋಡಬೇಕು ಎಂದು ನಗುತ್ತಲೇ ಹೇಳಿದ್ದಳು. ಅರ್ಧ ಗಂಟೆಯಲ್ಲಿ ಬೇಸರ ಬಂದು, ಗೋಡೆಯ ಚಿತ್ರಗಳ ಅರ್ಥ ಕೇಳತೊಡಗಿದಳು. ಬ್ರೇಕಮ್ಮ ನಡೆಗಳ ನಡುವೆ ಉತ್ತರ ಹೇಳುತ್ತಿದ್ದಳು.

ಮೂರು ಗಂಟೆ ಹಿಡಿಯಿತು. ಯಜಮಾನರ ಗೆಲುವು ಪಕ್ಕದ ಚೆಕ್ಕಿಗೆ ಸತ್ತಿತು. ಬ್ರೇಕಮ್ಮನ ಗೆಲುವು ಲಿಫ್ಟಪ್ಪನ ಕುದುರೆಯ ಇನ್ನೊಂದು ಹಾರಾಟಕ್ಕೆ ಸತ್ತಿತು. ಮತ್ತೆ ಮತ್ತೆ ಇಟ್ಟು ನೋಡಿದರು. ಇಬ್ಬರೂ ಸರಿಯಾಗಿ ಆಡಿದರೆ ಆನೆಗೆ ಕಾಲಾಳು ಸಿಗುತ್ತಿತ್ತು, ಕುದುರೆಗೆ ಏನೂ ಆಗುತ್ತಿರಲಿಲ್ಲ, ಯಾರೂ ಗೆಲ್ಲುತ್ತಿರಲಿಲ್ಲ.

“ಅಂದ್ರೆ ಡ್ರಾ,” ಎಂದರು ಯಜಮಾನರು. ಮುಖ ಕೆಂಪಾಯಿತು. “ಅಂದ್ರೆ ಅವತ್ತು ಅವಳು ಕೈ ಚಾಚಿದಾಗ ನೀನು ಕೈ ಕೊಡಬೇಕಿತ್ತು!”

“ಹೌದು ಯಜಮಾನ್ರೇ, ಕೊಡಬೇಕಿತ್ತು,” ಎಂದ ಲಿಫ್ಟಪ್ಪ. “ಎರಡನೇ ದರ್ಜೆಗೆ ಬಿದ್ದಿದ್ದು ನನ್ನಿಂದಲೇ. ಅದಕ್ಕೆ ನನಗೆ ಬೇಜಾರಿದೆ. ಆದ್ರೆ ಡ್ರಾ ಅನ್ನೋದು ಈಗ ತಾನೇ ಗೊತ್ತಾಗಿದ್ದು.”

ಬ್ರೇಕಮ್ಮ ಮುಖ ಆ ಕಡೆ ತಿರುಗಿಸಿ ನಕ್ಕಳು.

ಕ್ಲಬ್ಬು ಮೊದಲ ದರ್ಜೆಗೆ ಮರಳಲು ಎರಡು ವರ್ಷ ಹಿಡಿಯಿತು. ಆ ಎರಡೂ ವರ್ಷ ಯಜಮಾನರು ಲಿಫ್ಟಪ್ಪನನ್ನೇ ಐದನೆಯ ಮೇಜಿಗೆ ಕೂರಿಸಿದರು. ಏಳು ಆಟ ಸೋತ, ಒಂಬತ್ತು ಗೆದ್ದ, ಎರಡನ್ನು ಯಜಮಾನರ ಹುಬ್ಬು ನೋಡಿ ಡ್ರಾ ಮಾಡಿಕೊಂಡ. ಅವನ ಹೆಂಡತಿ ಬ್ರೇಕಮ್ಮನ ಶಾಲೆಯಲ್ಲಿ ಕಲಿತು, ಮೂರನೆಯ ಪ್ರಯತ್ನದಲ್ಲಿ ಲೈಸೆನ್ಸ್ ಪಡೆದು, ಈಗ ಶನಿವಾರ ಮಧ್ಯಾಹ್ನ ಅವನನ್ನು ಕ್ಲಬ್ಬಿನ ಬಾಗಿಲಿಗೆ ಬಿಟ್ಟು ಹೋಗುತ್ತಾಳೆ. ಕ್ಲಬ್ಬಿನಲ್ಲಿ ಹೊಸಬರು ಬಂದು ಆ ಐದನೆಯ ನಡೆಯ ಹತ್ತಿರ ನಿಂತಾಗ ಯಜಮಾನರು ಮೊದಲಿನ ಹಾಗೆ ‘ಹೊಡೀಬೇಡ’ ಎನ್ನುವುದಿಲ್ಲ. “ಅಗೋ, ಆ ಮೇಜಿಗೆ ಹೋಗಿ ಕೇಳಿ,” ಎನ್ನುತ್ತಾರೆ. “ಆದ್ರೆ ಬೇಗ ಮನೆಗೆ ಹೋಗೋ ಯೋಚನೆ ಇದ್ರೆ ಕೇಳಬೇಡಿ.”